ಆಷಾಢ ಕಳೆಯಲಿ ಅಂದೆ

ಜುಲೈ 8, ಮಂಗಳವಾರ

ಬೆಳಿಗ್ಗೆಯಿಂದ ಸ್ಕೂಟಿ ಮೇಲೆ ಸುತ್ತಾಟ. ಹಡಗಲಿಗೆ ವರ್ಗವಾಗಿ ಬಂದವರಿಗೆ ಮನೆ, ಹಾಲು, ಕಿರಾಣಿ, ಮಕ್ಕಳ ಶಾಲೆ ತೋರಿಸುವುದು ನನ್ನ ಕಸುಬು. ಬ್ಯಾಂಕಿನವರು, ಎಂಜಿನಿಯರುಗಳು... ಎಷ್ಟೋ ಮಂದಿ ಬಂದರು, ಹೋದರು. ನನಗೇನು? ಇವತ್ತಿನವರು ಹಾಗಲ್ಲ. ಹೆರಿಗೆ ಡಾಕ್ಟರು. ಮೈಸೂರಿನ ಶಾಂಭವಿ ಮೇಡಂ. ಎರಡು ವರ್ಷ ಖಾಲಿ ಬಿದ್ದಿದ್ದ ಜಾಗ.

ತಂಗಿ ವಾಣಿಶ್ರೀಗೆ ಏಳು ತಿಂಗಳು ತುಂಬಿದೆ. ಮೊದಲ ಕೂಸು ಹೊಸಪೇಟೆ ದಾರಿಯಲ್ಲಿ, ಆಂಬುಲೆನ್ಸಿನಲ್ಲೇ ಹೋಯಿತು. ಈ ಡಾಕ್ಟರನ್ನು ಬಿಡಬಾರದು. ಕಾಲಿಗೆ ಬಿದ್ದಾದರೂ ಸರಿ.

ಜುಲೈ 9

ಕೆಂಚಕ್ಕನ ಮಹಡಿ ಮನೆ ತೋರಿಸಿದೆ. ಕಿಟಕಿಯಾಚೆ ಮಲ್ಲಿಗೆ ತೋಟ. ಮೇಡಂ ಮುಖ ಅರಳಿತು. "ಇವತ್ತೇ ಬಂದ್ಬಿಡ್ಲಾ? ಲಾಡ್ಜ್ ಸಾಕಾಗಿದೆ."

ಕೆಂಚಕ್ಕ ಬಾಗಿಲಿಗೆ ಅಡ್ಡ ನಿಂತಳು. "ಆಷಾಢದಾಗ ಯಾರರ ಮನಿ ಹೊಗತಾರೇನ್ರಿ? ಶ್ರಾವಣ ಬರ್ಲಿ, ಹಾಲು ಉಕ್ಕಿಸಿ ಬರ್ರಿ."

ಮೇಡಂ ನನ್ನ ಕಡೆ ನೋಡಿದರು. ಹಿಂದಿನ ಡಾಕ್ಟರು ಆಷಾಢದಲ್ಲೇ ಮನೆ ಹೊಕ್ಕು ಮೂರೇ ತಿಂಗಳಿಗೆ ಊರು ಬಿಟ್ಟು ಹೋದದ್ದು ನೆನಪಾಯಿತು. "ಹೌದ್ರಿ ಮೇಡಂ, ಹದಿನೈದು ದಿನ ತಡೀರಿ. ಒಳ್ಳೆ ದಿನ ಬಂದ್ರ ಇಲ್ಲೇ ನೆಲಿ ನಿಲ್ತೀರಿ," ಅಂದೆ.

ನಿಲ್ಲಲಿ ಅಂತಲೇ ಅಂದದ್ದು.

ಜುಲೈ 14

ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಲಾಡ್ಜಿಗೆ ಹೋಗಿದ್ದೆ. ನಲ್ಲಿಯಲ್ಲಿ ನೀರಿಲ್ಲ. ಪಕ್ಕದ ರೂಮಿನವರು ಕುಡಿದು ಬಂದು ಬಾಗಿಲು ಬಡಿದರಂತೆ. ಒಬ್ಬಳೇ ಹೆಣ್ಣುಮಗಳು! "ಹೇಗಾದ್ರೂ ಮಾಡಿ ಮನೆ ಕೊಡ್ಸಿ ಪುಷ್ಪಲತಾ," ಅಂದರು. ಕಣ್ಣು ಕೆಂಪಾಗಿದ್ದವು.

ನಮ್ಮ ಮನೆಗೇ ಕರೆಯಲೇ? ಇರುವುದು ಒಂದೇ ಕೋಣೆ. ಅವ್ವ, ವಾಣಿ, ನಾನು...

ಕೆಂಚಕ್ಕನ ಹತ್ತಿರ ಓಡಿದೆ. "ನಿಂಗೇನ್ ಹುಚ್ಚು ಹಿಡದೈತೇನ ಪುಷ್ಪಿ? ಬಸುರಿ ತಂಗಿ ಮನ್ಯಾಗ ಅದಾಳ. ಕೆಟ್ಟ ದಿನದಾಗ ಮನಿ ಹೊಕ್ಕಾಕಿ ಕೈಲೆ ಹೆರಿಗಿ ಮಾಡಿಸ್ತೀಯೇನ?"

 ಸ್ಕೂಟಿ ತಿರುಗಿಸಿ ಮನೆಗೆ ಬಂದೆ.

ಜುಲೈ 25, ಶುಕ್ರವಾರ. ಬೆಳಿಗ್ಗೆ

ಶ್ರಾವಣ! ಕೆಂಚಕ್ಕ ಬೀಗದ ಕೈ ಕೊಟ್ಟಳು. ಹೊಸ್ತಿಲಿಗೆ ಅರಿಶಿನ ಹಚ್ಚಿ, ಮಲ್ಲಿಗೆ ಮಾಲೆ ಕಟ್ಟಿದೆ. ಹಾಲು, ಹೊಸ ಪಾತ್ರೆ ರೆಡಿ. ಮೇಡಂನ ಕರೆತರುವುದೊಂದೇ ಬಾಕಿ.

ಮಧ್ಯಾಹ್ನ

ಲಾಡ್ಜಿನ ರೂಮು ಖಾಲಿ. ನಿನ್ನೆಯೇ ಹೋದರಂತೆ. ಫೋನ್ ಮಾಡಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ರಾಜೀನಾಮೆ ಕೊಟ್ಟೆ. ಮೈಸೂರಲ್ಲೇ ಕೆಲಸ ಸಿಕ್ತು. ಊರೆಲ್ಲಾ ತೋರಿಸಿದ್ರಿ ಪುಷ್ಪಲತಾ, ಒಂದು ಬಾಗಿಲೂ ತೆಗೀಲಿಲ್ಲ ನೋಡಿ."

"ಕೀಲಿ ನನ್ನ ಕೈಯಾಗೇ ಐತ್ರಿ ಮೇಡಂ, ಬರ್ರಿ..." ಕಟ್ ಆಗಿತ್ತು.

ತಡೀರಿ ಅಂದವಳು ನಾನೇ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ.

ಆಗಸ್ಟ್ 11

ವಾಣಿಗೆ ನೋವು. ಇನ್ನೂ ದಿನ ತುಂಬಿಲ್ಲ. ಆಂಬುಲೆನ್ಸ್ ಹರಪನಹಳ್ಳಿಯಿಂದ ಬರಬೇಕಂತೆ. ಆಮೇಲೆ ಮತ್ತೆ ಅದೇ ಹೊಸಪೇಟೆ ದಾರಿ. ಅವ್ವ ದೇವರ ಮುಂದೆ ಕೂತಿದ್ದಾಳೆ. ನಾನು ವಾಣಿಯ ಪಕ್ಕ ಕೂತು ಇದನ್ನು ಗೀಚುತ್ತಿದ್ದೇನೆ, ಗಾಡಿ ಬರುವ ತನಕ ಬೇರೇನು ಮಾಡಲಿ?

ಡಾಕ್ಟರು ಹೋದದ್ದು ಅವಳಿಗೆ ಹೇಳೇ ಇಲ್ಲ.

"ಅಕ್ಕಾ, ಗಾಡಿ ಯಾಕ? ಡಾಕ್ಟರಮ್ಮ ಕೆಂಚಕ್ಕನ ಮನ್ಯಾಗ ಅದಾರಲ್ಲ, ಕರಿಯವಾ."

ಹೂಂ ಅಂದೆ. ಕರೀತೀನಿ ಅಂದೆ. ನನ್ನ ಕೈ ಹಿಡಿದುಕೊಂಡು ಸ್ವಲ್ಪ ನಕ್ಕಳು. ಈಗ ಬಾಗಿಲ ಕಡೆಯೇ ನೋಡ್ತಾ ಮಲಗಿದ್ದಾಳೆ.