ಹಂಚಿಕೊಂಡ ಗುಳಿಗೆ

ಮಾರ್ಚ್ ೧೪

ಮುದ್ದು ಗುಬ್ಬಿಗೆ,

ಹೇಗಿದ್ದೀಯೇ? ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ‘ನನ್ನದೊಂದು ಕಿಡ್ನಿ ತಗೋ ಅಮ್ಮಾ, ನಾಳೇನೇ ಟೆಸ್ಟ್ ಮಾಡಿಸ್ತೀನಿ’ ಎಂದು ಅಂಗಿಗೆ ಗುಂಡಿ ಹಚ್ಚಿಕೊಡುವಷ್ಟು ಸಲೀಸಾಗಿ ಬರೆದುಬಿಟ್ಟಿದ್ದೀಯ. ಅಂಥ ಮಾತಿಗೆ ಏನಂತ ಉತ್ತರ ಬರೆಯಲಿ?

ಇಲ್ಲಿ ಹೊಲಿಗೆ ಮಿಷನ್ ಮುಂದೆ ಒಂದು ಗಂಟೆ ಕೂತರೆ ಕಾಲು ಬಾತುಕೊಳ್ಳುತ್ತದೆ. ಗಿರಾಕಿಗಳೆಲ್ಲ ಈಗ ಕಿಡ್ನಿ ತಜ್ಞರು, ಅಳತೆ ಕೊಡಲು ಬಂದವಳೂ ಪೇಪರ್ ಹಿಡಿದೇ ಬರುತ್ತಾಳೆ. ಸಕ್ಕರೆ ಕಾಯಿಲೆಗೆಂದು ಮಾಡಿದ ಗುಳಿಗೆ ಕಿಡ್ನಿಯನ್ನೂ ಕಾಪಾಡುತ್ತದಂತೆ, ಹಂದಿಯ ಕಿಡ್ನಿಯನ್ನು ಮನುಷ್ಯನಿಗೆ ಜೋಡಿಸಿದರಂತೆ. ಕೇಳಿ ಕೇಳಿ ನನಗೆ ತಲೆ ಕೆಟ್ಟಿದೆ. ಎಲ್ಲ ಸಿಕ್ಕಿದೆಯಂತೆ, ನನ್ನ ಸರದಿ ಮಾತ್ರ ಬರುವುದಿಲ್ಲ.

ನೀನು ಎಂದಾದರೂ ಹೀಗೆ ಬರೆಯುತ್ತೀಯೆಂದು ಗೊತ್ತಿದ್ದೇ, ನಿನ್ನ ಮೈಗೆ ಕತ್ತರಿ ತಾಗದಿರಲಿ ಎಂದು ಆ ಹೊಸ ಔಷಧದ ಪ್ರಯೋಗಕ್ಕೆ ಆಗಲೇ ಸೇರಿದ್ದೆನಲ್ಲ, ಅಲ್ಲಿಂದ ನನ್ನನ್ನು ಹೊರಗೆ ಹಾಕಿದ್ದಾರೆ. ತಪ್ಪು ನನ್ನದೇ.

ಅಲ್ಲಿ ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದರ್ಧಕ್ಕೆ ಅದೇ ಬಣ್ಣ, ಅದೇ ಗಾತ್ರದ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ರಕ್ತ ತೆಗೆಯುವ ಕೋಣೆಯ ಹೊರಗಿನ ಬೆಂಚಿನಲ್ಲಿ ಪ್ರತಿ ತಿಂಗಳೂ ನಾವು ಮೂವರು ಜೊತೆಗೆ ಕೂರುತ್ತಿದ್ದೆವು. ನಾನು, ಒಬ್ಬ ಬಸ್ ಡ್ರೈವರ್, ಒಬ್ಬರು ರಿಟೈರಾದ ಲೆಕ್ಕದ ಮೇಷ್ಟ್ರು. ಒಂದು ದಿನ ಡ್ರೈವರ್, ‘ಅಕ್ಕಾ, ನಂಗೆ ಸಿಕ್ಕಿರೋದು ಹಿಟ್ಟೇ ಇರ್ಬೇಕು, ನನ್ನ ಹಣೆಬರಹವೇ ಅಷ್ಟು’ ಎಂದು ಮುಖ ಸಣ್ಣದು ಮಾಡಿಕೊಂಡ. ‘ಮೂರೂ ಡಬ್ಬಿ ಗುಳಿಗೆ ಬೆರೆಸಿ ಹಂಚ್ಕೊಳ್ಳೋಣ ಬಿಡಪ್ಪಾ, ಯಾರಿಗೂ ಪೂರ್ತಿ ಮೋಸ ಆಗಲ್ಲ’ ಎಂದವಳು ನಾನೇ. ಮೇಷ್ಟ್ರು, ‘ಲೆಕ್ಕ ಸರಿಯಾಗಿದೆಯಮ್ಮಾ’ ಎಂದು ಸರ್ಟಿಫಿಕೇಟೂ ಕೊಟ್ಟರು. ನನ್ನ ಊಟದ ಡಬ್ಬಿಗೆ ಸುರಿದು, ಕಲಸಿ, ಮೂರು ಪಾಲು ಮಾಡಿದೆವು. ಐದು ತಿಂಗಳು ಹೀಗೇ ನಡೆಯಿತು.

ರಕ್ತದಲ್ಲಿ ಔಷಧದ ಅಂಶವನ್ನೂ ಅಳೆಯುತ್ತಾರೆಂದು ನಮಗೇನು ಗೊತ್ತು? ಮೂವರದ್ದೂ ಏರುಪೇರಾಗಿ ಬಂದು ಸಿಕ್ಕಿಬಿದ್ದೆವು. ಡಾಕ್ಟರಮ್ಮ ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿತ್ತು. ‘ನಿಮ್ಮ ಮೂವರ ರಿಪೋರ್ಟೂ ಇನ್ನು ಉಪಯೋಗಕ್ಕೆ ಬರಲ್ಲ. ಇಷ್ಟು ದಿನದ ಕೆಲಸ ನೀರಲ್ಲಿ ಹೋಯ್ತು’ ಎಂದರು. ನಾನೂ ಬಿಡಲಿಲ್ಲ. ‘ಅರ್ಧ ಜನಕ್ಕೆ ಹಿಟ್ಟು ತಿನ್ನಿಸ್ತೀರಲ್ಲ ಡಾಕ್ಟ್ರೇ, ಅವರ ಕಿಡ್ನಿ ನೀರಲ್ಲಿ ಹೋಗಲ್ವಾ?’ ಎಂದೆ. ‘ಪಕ್ಕಪಕ್ಕ ಇಟ್ಟು ನೋಡದೆ ಔಷಧ ಕೆಲಸ ಮಾಡುತ್ತೋ ಇಲ್ವೋ ಅಂತ ಹೇಗೆ ತಿಳಿಯೋದು, ನೀವೇ ಹೇಳಿ’ ಎಂದರು. ಅವರು ಹೇಳುವುದೂ ನ್ಯಾಯವೇ. ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತಿದೆ. ಜಗಳ ಆಡೋಣವೆಂದರೆ ನನ್ನನ್ನು ಬಿಟ್ಟು ಯಾರೂ ಸಿಗುತ್ತಿಲ್ಲ. ನಿನ್ನೆ ಒಬ್ಬರ ರವಿಕೆಗೆ ತೋಳು ತಿರುವುಮುರುವಾಗಿ ಕೂರಿಸಿ, ಬಿಚ್ಚಿ, ಮತ್ತೆ ಹಾಗೇ ಕೂರಿಸಿದೆ.

ನೀನು ನನ್ನ ಚಿಂತೆ ಹಚ್ಚಿಕೊಳ್ಳಬೇಡ. ಮಗುವಿಗೆ ಹಲ್ಲು ಬರುವ ಹೊತ್ತು, ರಚ್ಚೆ ಹಿಡಿದರೆ ಗದರಬೇಡ. ಹಾಲುಣಿಸುವವಳು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮಡಿಲು ಸದಾ ತಂಪಾಗಿರಲಿ, ನನ್ನ ಆಯಸ್ಸೂ ನಿಮ್ಮಿಬ್ಬರಿಗೇ ಸೇರಲಿ.

ನಿನ್ನ
ಅಮ್ಮ

ತಾ.ಕ.: ಹೊರಗೆ ಕಳಿಸುವಾಗ ಯಾರ ಡಬ್ಬಿಯಲ್ಲಿ ಏನಿತ್ತೆಂದು ಹೇಳಿದರು. ಅವರಿಬ್ಬರದ್ದೂ ಹಿಟ್ಟು. ನಿಜವಾದ ಔಷಧ ಇದ್ದದ್ದು ನನ್ನದರಲ್ಲಿ. ಇನ್ನು ನನ್ನ ಕಿಡ್ನಿ ಒಂದು ವರ್ಷ ತಳ್ಳುವುದೂ ಕಷ್ಟವಂತೆ. ಆಮೇಲೆ ಡಾಕ್ಟರಮ್ಮ ಪೆನ್ನು ಹಿಡಿದು, ‘ಕಿಡ್ನಿ ಕೊಡೋಕೆ ಮನೇಲಿ ಯಾರಾದ್ರೂ ಇದ್ದಾರಾ? ಮಕ್ಕಳು?’ ಎಂದು ಕೇಳಿದರು. ನಿನಗೆ ಕೋಪ ಬರುತ್ತದೆಂದು ಗೊತ್ತು. ನನಗೆ ಮಕ್ಕಳಿಲ್ಲ ಎಂದು ಬರೆಸಿ ಬಂದೆ.