ಜೋಕುಮಾರನನ್ನು ಸಾಯಲು ಬಿಡಿ

ಶರತ್ಕಾಲದ ಕಲೆ, ಇತಿಹಾಸ, ಸಂಗೀತ ಮತ್ತು ನಿಸರ್ಗ ಸಪ್ತಾಹದ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಜೋಕುಮಾರ ಸಾಯುತ್ತಿಲ್ಲ, ಏಕೆಂದರೆ ನೀವು ಅವನನ್ನು ಸಾಯಲು ಬಿಡುತ್ತಿಲ್ಲ. ಭಾದ್ರಪದದ ಹುಣ್ಣಿಮೆಗೆ ಮರ್ಯಾದೆಯಿಂದ ಸಾಯಬೇಕಾಗಿದ್ದವನು, ಬನ್ನಿ ಹಬ್ಬ ಬಂದರೂ ಶಹಾಪುರದ ನಿಮ್ಮ ಕಚೇರಿಯ ಗಾಜಿನ ಕಪಾಟಿನಲ್ಲಿ, ಕೊರಳಿಗೆ ‘ಪ್ರಥಮ ಬಹುಮಾನ’ ಎಂಬ ಚೀಟಿ ಕಟ್ಟಿಕೊಂಡು, ಕಣ್ಣು ಬಿಟ್ಟುಕೊಂಡು ಕೂತಿದ್ದಾನೆ. ಅವನು ಸಾಯುವವರೆಗೆ ನಮ್ಮೂರ ಮಲಕಮ್ಮ ಅಳುವಂತಿಲ್ಲ. ಅಗಸರ ಮೌನಪ್ಪ ಬಟ್ಟೆ ಒಗೆಯುವಂತಿಲ್ಲ. ಒಂದು ಊರಿನ ಅಳುವನ್ನೂ ಒಗೆತವನ್ನೂ ಒಂದೇ ಬೀಗದಲ್ಲಿಟ್ಟ ಅಧಿಕಾರಿ ನಿಜಾಮರ ಕಾಲದಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರವನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನೀವು ಮೈಸೂರಿನ ಕಡೆಯವರು. ರಾಜ್ಯ ಒಂದಾಗಿ ಇನ್ನೂ ವರ್ಷ ತುಂಬಿಲ್ಲ. ನಮ್ಮ ಜೋಕುಮಾರ ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ, ಕೇಳದಿರುವುದು ತಪ್ಪು. ಈಗಲಾದರೂ ಕೇಳಿ. ಚೌತಿಗೆ ಗಣಪತಿ ಬರುತ್ತಾನೆ. ಕಡುಬು ಮಾಡಿದ ಮನೆಗಳಿಗೆ ಮಾತ್ರ ಹೋಗುತ್ತಾನೆ, ಹೊಟ್ಟೆ ತುಂಬ ತಿನ್ನುತ್ತಾನೆ, ಹಿಂದಿರುಗಿ ‘ಭೂಲೋಕದಲ್ಲಿ ಎಲ್ಲರೂ ಸುಖ’ ಎಂದು ಶಿವನಿಗೆ ವರದಿ ಒಪ್ಪಿಸುತ್ತಾನೆ. ದೊಡ್ಡವರ ಪ್ರವಾಸ ಎಲ್ಲ ಕಾಲಕ್ಕೂ ಹೀಗೇ ಅಲ್ಲವೇ? ಅವನ ಬೆನ್ನಿಗೇ ಬರುವವನು ಜೋಕುಮಾರ. ಮಣ್ಣಿನ ಮೈ, ದೊಡ್ಡ ಕಣ್ಣು, ಹುರಿ ಮೀಸೆ, ಬಾಯಿಗೆ ಬೆಣ್ಣೆ, ಹೆಣ್ಣು ಕಂಡರೆ ಬಿಡದ ಪುಂಡಾಟ. ಬೇವಿನ ತಪ್ಪಲು ಹಾಸಿದ ಬುಟ್ಟಿಯಲ್ಲಿ ಕೂತು, ಹೆಂಗಸರ ತಲೆಯ ಮೇಲೆ ಮನೆ ಮನೆ ತಿರುಗುತ್ತಾನೆ. ಅವರು ಹಾಡುತ್ತಾರೆ, ಮನೆಯವರು ಮೊರದಲ್ಲಿ ಜೋಳ ಕೊಡುತ್ತಾರೆ. ಯಾರ ಗಡಿಗೆಯಲ್ಲಿ ಅಂಬಲಿ ಇಲ್ಲ, ಯಾರ ಹೊಲದಲ್ಲಿ ಹಸಿ ಇಲ್ಲ ಎಂದು ಅವನು ನೋಡಿಕೊಳ್ಳುತ್ತಾನೆ. ಹುಣ್ಣಿಮೆಯ ದಿನ ಸತ್ತು, ಮೇಲೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಸಾಯದೆ ಅಲ್ಲಿಗೆ ಹೋಗುವ ದಾರಿ ಅವನಿಗಿಲ್ಲ. ನಮ್ಮ ದೇವರುಗಳಲ್ಲಿ ಸರಿಯಾದ ವರದಿ ಕೊಡುವವನು ಅವನೊಬ್ಬನಿದ್ದ. ಅವನಿಗೂ ಬಹುಮಾನ ಕೊಟ್ಟು ಬಾಯಿ ಮುಚ್ಚಿಸಿದಿರಿ.

ನಿಮ್ಮ ಸಪ್ತಾಹವನ್ನು ಮಾತ್ರ ಹೊಗಳಲೇಬೇಕು. ಯಾದಗಿರಿಯ ಗುಡ್ಡದ ಮೇಲೆ ಇತಿಹಾಸದ ನಡಿಗೆ ಏರ್ಪಡಿಸಿದಿರಿ. ವಿವರಿಸಲು ಬಂದ ಪಂಡಿತರು ಅರ್ಧ ಗುಡ್ಡಕ್ಕೇ ಏದುಸಿರು ಬಿಟ್ಟು ಅಲ್ಲೇ ಕೂತುಬಿಟ್ಟರು. ಹೀಗಾಗಿ ಅರ್ಧ ಗುಡ್ಡದವರೆಗಿನ ಇತಿಹಾಸ ನಮಗೆ ಚೆನ್ನಾಗಿ ತಿಳಿಯಿತು. ಮೇಲಿನ ಕೋಟೆಯ ರಾಜರು ಇನ್ನೂ ಮೇಲೆಯೇ ಕಾಯುತ್ತಿದ್ದಾರೆ. ಸುರಪುರದ ಸಂಗೀತ ಸಂಜೆಯಲ್ಲಿ ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಸನಾದಿ ಊದುವ ಜಲಾಲುದ್ದೀನ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ. ಅದನ್ನೇ ಆಲಾಪವೆಂದು ತಿಳಿದು ಮುಂದಿನ ಸಾಲಿನವರು ತಲೆದೂಗಿದರು. ಶಹಾಪುರದ ಕೆರೆಯಲ್ಲಿ ಹಕ್ಕಿ ನೋಡಲು ಕರೆದೊಯ್ದು, ‘ಯಾರೂ ಸದ್ದು ಮಾಡಬಾರದು’ ಎಂದು ಧ್ವನಿವರ್ಧಕದಲ್ಲಿ ಕೂಗಿಸಿದಿರಿ. ಹಕ್ಕಿಗಳು ಆಜ್ಞೆ ಪಾಲಿಸಿದವು; ಒಂದೂ ಸದ್ದು ಮಾಡದೆ ಕೃಷ್ಣೆಯ ಆಚೆಗೆ ಹೋದವು. ಇಷ್ಟಕ್ಕೇ ನಿಂತಿದ್ದರೆ ನಾನು ಕಟ್ಟೆಯ ಮೇಲೆ ಕೂತು ಈ ಕಥೆ ಹೇಳಿ ಜನರನ್ನು ನಗಿಸಿಕೊಂಡಿರುತ್ತಿದ್ದೆ. ಆದರೆ ನೀವು ಕಲಾ ಪ್ರದರ್ಶನವನ್ನೂ ಮಾಡಿದಿರಿ.

ಪ್ರತಿ ಊರೂ ತನ್ನ ಕಲೆಯೊಂದನ್ನು ತರಬೇಕೆಂದು ಆಜ್ಞೆ ಬಂತು. ನಮ್ಮೂರು ಕೆಂಭಾವಿಯಿಂದ ಹೊಳೆಯ ಕಡೆಗಿದೆ. ಸುರಪುರದಂತೆ ನಮ್ಮಲ್ಲಿ ಚಿತ್ರ ಬರೆಯುವವರಿಲ್ಲ. ಬರಿಗೈಲಿ ಹೋಗುವುದು ಹೇಗೆಂದು ಗೌಡರಾದ ಭಗವಂತರಾಯರು ಚಿಂತೆಗೆ ಬಿದ್ದಿದ್ದಾಗ, ಬುಟ್ಟಿ ಹೊತ್ತುಕೊಂಡು ಅವರ ಅಂಗಳಕ್ಕೆ ಬಂದಳು ಅಂಬಿಗರ ಮಲಕಮ್ಮ. ನಮ್ಮಲ್ಲಿ ಆ ಬುಟ್ಟಿ ಹೊರುವ ಹಕ್ಕು ಅವಳ ಮನೆತನದ್ದು.

‘ಮಲಕವ್ವ, ನಾಳಿಗಿ ಇವನ್ನ ಶಾಪುರಕ್ಕ ಕರ್ಕೊಂಡ ಹೋಗೂಣೇನ?’ ಎಂದರು ಗೌಡರು.

‘ಯಾಕ್ರಿ ಗೌಡ್ರ?’

‘ಸರ್ಕಾರದವರು ನೋಡ್ತಾರಂತ.’

‘ನೋಡ್ಲಿ ಬಿಡ್ರಿ. ಹ್ಯಾಂಗೂ ತಿರುಗಾಕ ಹುಟ್ಟಿದಾಂವ. ಸರ್ಕಾರದ ಮನೀನೂ ಒಂದ ಮನಿ. ಅವರ ಗಡಿಗ್ಯಾಗ ಏನೈತಿ ಅಂತ ಅದನ್ನೂ ನೋಡ್ಕೊಂಡ ಬರ್ಲಿ.’

ತಪ್ಪು ನಡೆದದ್ದು ಇಲ್ಲೇ, ಮತ್ತು ಅದು ನಮ್ಮೂರಿನದೇ ತಪ್ಪು. ಬಾಗಿಲಿಗೆ ಬಂದ ಜೋಕುಮಾರನನ್ನು ಒಳಗಿಟ್ಟುಕೊಳ್ಳುವ ಮನೆಯೂ ಇರುತ್ತದೆಂದು ನಮಗೆ ತೋಚಲಿಲ್ಲ. ಮಲಕಮ್ಮ ನಿಮ್ಮ ಮಂಟಪದ ಮುಂದೆ ಬುಟ್ಟಿ ಇಳಿಸಿ, ಹಾಡಿ, ಸೆರಗೊಡ್ಡಿ ಜೋಳಕ್ಕೆ ನಿಂತಳು. ನೀವು ಆ ಸೆರಗಿಗೆ ಹಿತ್ತಾಳೆಯ ಬಟ್ಟಲೊಂದನ್ನು ಹಾಕಿ, ಚಪ್ಪಾಳೆ ತಟ್ಟಿಸಿ, ಜೋಕುಮಾರನನ್ನು ಮೇಜಿನ ಮೇಲೆ ಕೂಡಿಸಿದಿರಿ. ಅವನ ನಡುವಿನ ಕೆಳಗೆ ಕಣ್ಣು ಹೋಗಿ, ಮುಜುಗರಪಟ್ಟು, ನಿಮ್ಮ ಕರವಸ್ತ್ರವನ್ನೇ ತೆಗೆದು ಸುತ್ತಿದಿರಿ. ಅವನು ಹುಟ್ಟಿದಾಗಿನಿಂದ ಹಾಗೆಯೇ, ಸ್ವಾಮಿ. ಮಕ್ಕಳು ಬೇಕೆನ್ನುವವರು ಅವನನ್ನು ಹಾಗೆಯೇ ಬೇಡಿಕೊಳ್ಳುತ್ತಾರೆ. ಕರವಸ್ತ್ರ ಕಟ್ಟಿದವನ ಹತ್ತಿರ ಯಾರು ಏನು ಬೇಡಿಯಾರು?

ಹೊತ್ತು ಇಳಿದಾಗ ಮಲಕಮ್ಮ ನಿಮ್ಮ ಹತ್ತಿರ ಬಂದಳು. ನಾನು ಪಕ್ಕದಲ್ಲೇ ಇದ್ದೆ.

‘ಸಾಹೇಬ್ರ, ನಮ್ಮ ಜೋಕಮಾರನ್ನ ಕೊಡ್ರಿ. ಊರಿಗಿ ಹೊತ್ತಾತು.’

‘ಬಹುಮಾನ ಬಂದ ವಸ್ತು ಈಗ ಸರ್ಕಾರದ್ದಮ್ಮ. ಬೆಂಗಳೂರಿಂದ ದೊಡ್ಡೋರು ಬಂದು ನೋಡೋವರೆಗೂ ಇಲ್ಲೇ ಇರುತ್ತೆ.’

‘ಅವರು ಹುಣ್ಣಿವಿ ಒಳಗ ಬರ್ತಾರೇನ್ರಿ?’

‘ಯಾಕಮ್ಮ?’

‘ಹುಣ್ಣಿವಿಗಿ ಇಂವ ಸಾಯಬೇಕ್ರಿ.’

‘ಛೇ ಛೇ, ಸಾಯೋದ್ಯಾಕೆ? ವಾರ್ನಿಶ್ ಹೊಡೆಸ್ತೀವಿ. ಇನ್ನೈವತ್ತು ವರ್ಷ ಏನೂ ಆಗಲ್ಲ!’

ಮಲಕಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ‘ಯವ್ವಾ, ಐವತ್ತು ವರ್ಷ! ಇಂಥಾಂವ ಅಷ್ಟ ದಿನ ಬದುಕಿದ್ರ ಊರಾಗ ಹೆಣ್ಮಕ್ಕಳು ಓಡ್ಯಾಡೂದು ಹ್ಯಾಂಗ್ರಿ?’

ನೀವು ನಕ್ಕಿರಿ. ಅವಳು ತಮಾಷೆ ಮಾಡಿದಳೆಂದು ತಿಳಿದಿರಿ.

ಇನ್ನೊಂದು ಮಾಡಿಕೊಳ್ಳಿ ಎಂದರು ನಿಮ್ಮ ಗುಮಾಸ್ತರು. ಕುಂಬಾರ ಸಾಬಣ್ಣನನ್ನು ಕೇಳಿದೆವು. ‘ಒಬ್ಬಾಂವ ಜೀವಂತ ಇರೂವಾಗ ಇನ್ನೊಬ್ಬನ್ನ ಹ್ಯಾಂಗ ಹುಟ್ಟಸ್ಲಿ? ಮತ್ತ ಹೊಸಬ ಯಾರ ಮನಿ ನೋಡ್ಯಾನ? ಮ್ಯಾಲ ಹೋಗಿ ಏನ ಹೇಳ್ತಾನ, ನಿಮ್ಮ ತಲಿ?’ ಎಂದ. ಕೊನೆಗೆ ಹುಣ್ಣಿಮೆಯ ಸಂಜೆ ಹೆಂಗಸರು ಬರಿ ಬುಟ್ಟಿಯನ್ನೇ ನಡುವೆ ಇಟ್ಟುಕೊಂಡು ಅಳಲು ಕೂತರು. ‘ಸುರು ಮಾಡ್ರೆವ್ವಾ’ ಎಂದಳು ಮುದುಕಿ ಲಾಲಮ್ಮ. ಅಳು ಇನ್ನೇನು ಗಂಟಲಿಗೆ ಬಂತು ಎನ್ನುವಾಗ ಹೋತವೊಂದು ನುಗ್ಗಿ ಬುಟ್ಟಿಯ ಬೇವು ತಿನ್ನತೊಡಗಿತು. ‘ಬಂದಾ ನೋಡ್ರೆ ಜೋಕಮಾರ! ಶಾಪುರಕ್ಕ ಹೋಗಿ ಗಡ್ಡ ಬಿಟ್ಕೊಂಡ ಬಂದಾನ!’ ಎಂದುಬಿಟ್ಟಳು ಅದೇ ಲಾಲಮ್ಮ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲಕಮ್ಮ ಒಬ್ಬಳು ನಗಲಿಲ್ಲ.

ಯಾಕೆಂದು ಹೇಳುತ್ತೇನೆ. ಅವಳ ಗಂಡ ಹಣಮಂತ್ರಾಯ ಹರಿಗೋಲು ನಡೆಸುತ್ತಿದ್ದ. ನಿಜಾಮರ ಆಳ್ವಿಕೆ ಮುಗಿದ ಗದ್ದಲದ ವರ್ಷ, ಊರು ಬಿಟ್ಟು ಓಡುವವರನ್ನು ಕೃಷ್ಣೆಯ ಆಚೆ ದಂಡೆಗೆ ಮುಟ್ಟಿಸುತ್ತಿದ್ದ. ಒಂದು ಸಲ ಹೋದವನು ಬರಲಿಲ್ಲ. ಹರಿಗೋಲು ಮಾತ್ರ ತೇಲಿಕೊಂಡು ಬಂತು. ಹೆಣ ಸಿಗಲಿಲ್ಲ. ಅವಳು ಬಳೆ ತೆಗೆಯಲಿಲ್ಲ, ತೆಗೆ ಎಂದು ಯಾರೂ ಹೇಳಲೂ ಇಲ್ಲ. ಗಂಡನಿಗಾಗಿ ಅತ್ತರೆ ಅವನು ಸತ್ತನೆಂದು ಒಪ್ಪಿಕೊಂಡ ಹಾಗೆ. ಅಳದಿದ್ದರೆ ಎದೆ ಹಗುರಾಗುವುದಿಲ್ಲ. ವರ್ಷಕ್ಕೊಂದು ದಿನ, ಜೋಕುಮಾರ ಸತ್ತ ದಿನ, ಎಲ್ಲರೂ ಅಳುವಾಗ ಅವಳೂ ಅಳುತ್ತಾಳೆ. ಯಾರಿಗಾಗಿ ಎಂದು ಯಾರೂ ಕೇಳುವುದಿಲ್ಲ. ಅವಳಿಗೆ ಸಿಗುವ ಹೆಣ ಆ ಮಣ್ಣಿನದೊಂದೇ. ಅದನ್ನು ನೀವು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದೀರಿ.

ಇರಲಿ, ಒಗೆತದ ಮಾತಿಗೆ ಬರೋಣ. ಸತ್ತ ಜೋಕುಮಾರ ಸೇರುವುದು ಹಳ್ಳದ ದಂಡೆಯ ಒಗೆಯುವ ಬಂಡೆಯ ಕೆಳಗೆ. ಆಮೇಲೆ ಮೂರು ದಿನ ಅಗಸರು ಸೂತಕ ಹಿಡಿಯುತ್ತಾರೆ, ಬಟ್ಟೆ ಮುಟ್ಟುವುದಿಲ್ಲ. ಮೌನಪ್ಪ ಹುಣ್ಣಿಮೆಯ ಬೆಳಿಗ್ಗೆಯೇ ಬಂಡೆ ಮಗುಚಿ ಕುಣಿ ತೋಡಿ ಇಟ್ಟಿದ್ದ. ಆ ಕುಣಿ ಇನ್ನೂ ಬಾಯಿ ತೆರೆದುಕೊಂಡಿದೆ. ‘ಮುಚ್ಚಿ ಒಗಿಯೋ ಅದನ್ನ’ ಎಂದು ಗೌಡರು ಗದರಿದರು. ‘ಆತ್ರಿ ಗೌಡ್ರ. ಹೆಣಕ್ಕ ಹಸದ ಕುಣಿ ಮ್ಯಾಲ ಕಲ್ಲ ಇಟ್ಟು ಒಗೀತೀನಿ. ಮೊದಲ ನಿಮ್ಮ ಅಂಗೀನ ಕೊಡ್ರಿ’ ಎಂದ ಮೌನಪ್ಪ. ಗೌಡರು ಅಂಗಿಯ ಗುಂಡಿ ಭದ್ರ ಮಾಡಿಕೊಂಡು ಮನೆಗೆ ಹೋದರು.

ಮನೆಯಲ್ಲೇ ಒಗೆದುಕೊಳ್ಳಬಾರದೇ ಎನ್ನುತ್ತೀರಿ. ಒಗೆದುಕೊಂಡಿದ್ದೇವೆ; ನೋಡಿದವರು ನಂಬುವುದಿಲ್ಲ. ಈಗ ನಮ್ಮೂರಿನಲ್ಲಿ ಬಿಳಿ ಧೋತರ ಯಾವುದು, ಕರಿ ಕಂಬಳಿ ಯಾವುದು ಎಂದು ತಿಳಿಯಲು ಮುಟ್ಟಿ ನೋಡಬೇಕು. ಕೆಂಭಾವಿ ಸಂತೆಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡೇ ಜನ ನಮ್ಮೊಡನೆ ಮಾತಿಗೆ ನಿಲ್ಲುತ್ತಾರೆ.

ಅರ್ಜಿ ಕೊಡಲಿಲ್ಲವೇ ಎಂದರೆ, ಕೊಟ್ಟೆವು. ‘ಸಾಯಬೇಕಾದವರಿಗೆ ಕಾಯಿಲೆ ಏನು?’ ಎಂದು ನಿಮ್ಮ ಕಚೇರಿಯವರು ಕೇಳಿ, ಕಾಯಿಲೆ ಏನೂ ಇಲ್ಲವೆಂದು ಗೊತ್ತಾದ ಮೇಲೆ ಅರ್ಜಿಗೆ ‘ಇಲ್ಲ’ ಎಂದರು. ಹಿಂದೆ ಹೈದರಾಬಾದಿನವರು ಉರ್ದುವಿನಲ್ಲಿ ಇಲ್ಲ ಎನ್ನುತ್ತಿದ್ದರು. ಓದಿಸಿಕೊಳ್ಳಲು ಊರೂರು ಅಲೆಯಬೇಕಿತ್ತು. ನೀವು ಅಚ್ಚ ಕನ್ನಡದಲ್ಲಿ ಇಲ್ಲ ಎಂದಿರಿ, ನಿಂತಲ್ಲೇ ತಿಳಿಯಿತು. ಏಕೀಕರಣದ ಲಾಭವನ್ನು ಕಣ್ಣಾರೆ ಕಂಡೆವು.

ಒಂದೇ ಸಮಾಧಾನವೆಂದರೆ, ನಿಮ್ಮ ಕಚೇರಿಯಲ್ಲಿ ಒಬ್ಬರು ಅವನ ಬಾಯಿಗೆ ಬೆಣ್ಣೆ ತಪ್ಪಿಸಿಲ್ಲ. ‘ಬಾಯಿ ಒಣಗಿತ್ತರಿ ಬಿಚಾರಾಂದು. ನಮ್ಮ ಆಮೀನಾ ಮನ್ಯಾಗ ಮಸ್ಕಾ ತೆಗೀತಾಳ, ಜರಾ ತಂದು ಹಚ್ಚತೀನಿ. ಸಾಹೇಬರಿಗಿ ಹೇಳಬ್ಯಾಡ್ರಿ ಮತ್ತ’ ಎಂದರು. ಮಾತು ಕೊಟ್ಟಿದ್ದೇನೆ, ಆದ್ದರಿಂದ ಹೆಸರು ಹೇಳುವುದಿಲ್ಲ. ಜವಾನರೆಂದೂ ಹೇಳುವುದಿಲ್ಲ, ಏಕೆಂದರೆ ನಿಮ್ಮಲ್ಲಿರುವ ಜವಾನರು ಒಬ್ಬರೇ. ಹೆಂಡತಿಯ ಹೆಸರು ಬಾಯಿತಪ್ಪಿ ಬಂತು, ಅದನ್ನು ಮರೆತುಬಿಡಿ. ಕಪಾಟಿನ ಹಿಂದಿನ ಹಲಗೆ ಸಡಿಲಾಗಿದೆಯಂತೆ. ಅಲ್ಲಿಂದ ಬೆರಳು ಒಳಗೆ ಹೋಗುತ್ತದೆ, ಜೋಕುಮಾರ ಹೊರಗೆ ಬರುವುದಿಲ್ಲ, ಮೀಸೆ ಅಡ್ಡವಾಗುತ್ತದೆ.

ಆದ್ದರಿಂದ ಶೀಗಿ ಹುಣ್ಣಿಮೆಯೊಳಗೆ ಅವನನ್ನು ಬಿಟ್ಟುಕೊಡಿ. ಒಂದು ಹುಣ್ಣಿಮೆ ತಡವಾಗಿ ಸತ್ತರೂ ನಡೆಯುತ್ತದೆಂದು ಹಿರಿಯರು ಒಪ್ಪಿದ್ದಾರೆ. ವಾರ್ನಿಶ್ ಹೊಡೆಸಿದ್ದರೆ ಕೆರೆಸಿ. ಕರಗದವನು ಸಾಯುವುದು ಹೇಗೆ? ನಿಮ್ಮ ಬಟ್ಟಲನ್ನು ಹಿಂದಿರುಗಿಸುತ್ತೇವೆ. ಸದ್ಯ ಅದರಲ್ಲಿ ಮಲಕಮ್ಮನ ಕೋಳಿಗಳು ನೀರು ಕುಡಿಯುತ್ತಿವೆ, ತೊಳೆದು ಕೊಡುತ್ತೇವೆ. ಕಪಾಟು ಖಾಲಿ ಇರಬಾರದೆಂಬ ನಿಯಮವಿದ್ದರೆ ಗೌಡರು ಬಂದು ಕೂರಲು ತಯಾರಿದ್ದಾರೆ, ಅವರಿಗೂ ಮೀಸೆ ಇದೆ. ಇದಾವುದೂ ಆಗದಿದ್ದರೆ ನೀವೇ ಬನ್ನಿ. ಬುಟ್ಟಿ ದೊಡ್ಡದಿದೆ, ಬೆಣ್ಣೆ ನಮ್ಮದೇ. ಮನೆ ಮನೆ ತಿರುಗಿಸುತ್ತೇವೆ, ಗಡಿಗೆಗಳನ್ನು ನೀವೂ ಇಣುಕಿ ನೋಡಬಹುದು. ಕುಣಿಯವರೆಗೆ ನಿಮ್ಮನ್ನು ಕರೆದೊಯ್ಯುವುದು ಬೇಡವೆಂದು ನಾನು ಹೇಳಿದ್ದೇನೆ. ಮೌನಪ್ಪ ಇನ್ನೂ ಒಪ್ಪಿಲ್ಲ.

ಪತ್ರ ಮುಗಿಸುವ ಮೊದಲು, ನಿನ್ನದೇನಾದರೂ ಬರೆಯಲೇ ಎಂದು ಮಲಕಮ್ಮನನ್ನು ಕೇಳಿದೆ. ಬುಟ್ಟಿಗೆ ಹೊಸ ಬೇವು ಹಾಸುತ್ತಿದ್ದಳು.

‘ಬೆಣ್ಣಿ ಹಚ್ಚಿದಾಂವಗ ಸಲಾಮ ಬರಿ, ಯಣ್ಣ. ಮತ್ತ ಸಾಹೇಬ್ರಿಗಿ ಬರಿ, ಸಿಟ್ಟಿಲ್ಲ ಅಂತ ಬರಿ. ಅವರ ಮನ್ಯಾಗೂ ಯಾರದರ ಅಳು ಉಳಕೊಂಡಿದ್ದರ, ಕರ್ಕೊಂಡ ಬರಂತ ಹೇಳು. ಒಬ್ಬ ಜೋಕಮಾರ ಎಷ್ಟ ಮಂದಿಗೆರ ಸಾಲ್ತಾನ.’

ಇಂತಿ,
ಒಂದಾನೊಂದು ಕಾಲದಲ್ಲಿ ಬಿಳಿಯಾಗಿದ್ದ ಧೋತರದವನೂ,
ಸದ್ಯಕ್ಕೆ ಜನ ದೂರ ಕೂತು ಕೇಳುವ ಕಥೆಗಾರನೂ ಆದ
ಗುರಣ್ಣ, ಕೆಂಭಾವಿಯ ಕಡೆಯವನು