ಅರ್ಧ ಉಂಡೆ

ಭಾನುವಾರ, ೧೨ ಏಪ್ರಿಲ್ ೧೯೩೬. ಶಿರಾ.

ಹುರುಳಿ ಬೆಲ್ಲದ ಉಂಡೆ ಇನ್ನೂ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿದೆ. ಕೂತಿರಲಿ, ಇವತ್ತು ನಾನು ಗೆದ್ದೆ.

ಕೆರೆಯಂಗಳದ ರೇಸು ನಡೆಸುವ ಹೊಣೆ ಈ ಸಲ ನನ್ನದು. ನಾನು ತಂದ ನಿಯಮ ಎರಡು. ಕುದುರೆಗಳೆಲ್ಲ ನಿನ್ನೆಯಿಂದ ನನ್ನ ಕಣ್ಗಾವಲಿನಲ್ಲಿರಬೇಕು. ಓಟಕ್ಕೆ ಮುಂಚೆ ತಿನ್ನಿಸುವ ಉಂಡೆಯಲ್ಲಿ ಅರ್ಧವನ್ನು ಯಜಮಾನನೇ ಎಲ್ಲರೆದುರು ತಿನ್ನಬೇಕು. ನನ್ನ ಕುದುರೆಯದನ್ನು ಮೊದಲು ನಾನೇ ತಿಂದೆ. ಜನ ನಕ್ಕರು. ಆಮೇಲೆ ಒಬ್ಬೊಬ್ಬ ಯಜಮಾನನೂ ಮುಖ ಕಿವುಚಿಕೊಂಡು ತಿಂದ.

ಕಡೆಗೆ ಬಂದವನು ಕಡಲೆಕಾಯಿ ಮಂಡಿಯ ಪಾಲಣ್ಣ. ಬೆಂಗಳೂರಿನ ರೇಸಿನಿಂದ ತಂದ ಅವನ ಜಾತಿ ಕುದುರೆ ಬಿಜಲಿಯ ಮುಂಗಾಲು ಊದಿತ್ತು. ಉಂಡೆ ಕೈಯಲ್ಲೇ ಇತ್ತು.

"ನಂಗೆ ಬೆಲ್ಲ ಆಗಾಕಿಲ್ಲ ಕಣಯ್ಯ," ಎಂದ.

ಅವನ ತಾಯಿ ಹೊನ್ನಕ್ಕ ಗುಂಪಿನೊಳಗಿನಿಂದಲೇ ಕೇಳಿದಳು: "ಹೊತ್ತಾರೆ ಒಬ್ಬಟ್ಟು ತಿಂದ್ಯಲ್ಲಲೇ? ಅಪೀಮು ಹಾಕಿದ್ರೆ ಹಾಕಿವ್ನಿ ಅಂತ ಯೋಳು."

ಪಾಲಣ್ಣ ಉಂಡೆಯನ್ನು ಎಸೆದು, ಲಗಾಮು ಹಿಡಿದು ಹೊರಟ. ಬಿಜಲಿ ಎಲ್ಲರ ಕಣ್ಣೆದುರೇ ಕುಂಟುತ್ತ ಮನೆಗೆ ಹೋಯಿತು. ಅಷ್ಟು ಚೆಂದದ ನಡಿಗೆಯನ್ನು ನಾನು ಯಾವ ರೇಸಿನಲ್ಲೂ ಕಂಡಿಲ್ಲ.

ನನ್ನ ಕುದುರೆ ಎಲ್ಲಕ್ಕಿಂತ ಹಿಂದೆ ಬಂತು. ಬರಲಿ.

ಹೋದ ವರ್ಷ ಇದೇ ಅಂಗಳದಲ್ಲಿ ಓಬಳಯ್ಯನ ಕುದುರೆ ಮೋತಿ, ಕಾಲು ಊದಿದ್ದರೂ ಅಪೀಮಿನ ಅಮಲಿನಲ್ಲಿ ನೋವು ತಿಳಿಯದೆ, ಕುಂಟಲೇ ಇಲ್ಲ. ಎಲ್ಲರಿಗಿಂತ ಮುಂದೆ ಗುರಿ ಮುಟ್ಟಿತು, ಅಲ್ಲೇ ಕಾಲು ಮುರಿದು ಬಿದ್ದು ಸತ್ತಿತು. ಬಿಜಲಿ ಈ ಹೊತ್ತು ಮಂಡಿಯ ಹಿಂದೆ ಹುಲ್ಲು ತಿನ್ನುತ್ತ, ನೋಯುವ ಕಾಲನ್ನು ನೆಲಕ್ಕೆ ಊರದೆ ನಿಂತಿರುತ್ತದೆ. ನೋವು ಅದಕ್ಕೆ ಗೊತ್ತಾಗುತ್ತಿದೆ, ಪುಣ್ಯಕ್ಕೆ.